ಟೀಚರ್‌ಗಳಿಗೆ ಲಸಿಕೆ, ಇಲ್ಲಾಂದ್ರೆ ವಾರವಾರ ಟೆಸ್ಟ್: ಆ ರೂಲ್ಸ್ ಸರಿ ಇತ್ತಾ?

ಓದುಗರ ಪ್ರಶ್ನೆ: "ಕೊರೊನಾ ಟೈಮಲ್ಲಿ ಸ್ಕೂಲ್ ಟೀಚರ್‌ಗಳು ಲಸಿಕೆ ಹಾಕಿಸ್ಕೊಂಡಿರ್ಲೇಬೇಕು ಅಂದ್ರು, ಕೆಲವು ಕಡೆ ಲಸಿಕೆ ಬೇಡ ಅಂದ್ರೆ ವಾರಕ್ಕೊಂದು ಟೆಸ್ಟ್ ಮಾಡಿಸಿ ಅಂದ್ರು. ಆಮೇಲೆ ನೋಡಿದ್ರೆ ಎರಡು ಡೋಸ್ ಹಾಕಿಸ್ಕೊಂಡೋರಿಗೂ ಕೊರೊನಾ ಬಂತು. ಹಂಗಾದ್ರೆ ಆ ರೂಲ್ಸ್‌ಗೆ ಅರ್ಥ ಇತ್ತಾ? ನಾಳೆ ಇನ್ನೊಂದು ಕಾಯಿಲೆ ಬಂದ್ರೆ ಮತ್ತೆ ಹಂಗೇ ಮಾಡ್ಬಹುದಾ?"

ಈ ಪ್ರಶ್ನೆ ಈಗಲೂ ಕೇಳ್ತಾನೇ ಇರ್ತಾರೆ, ಅದರಲ್ಲೂ ಮಕ್ಕಳನ್ನ ಸ್ಕೂಲಿಗೆ ಕಳಿಸೋ ಅಪ್ಪ ಅಮ್ಮಂದಿರು ಮತ್ತೆ ಸ್ವತಃ ಟೀಚರ್‌ಗಳು. ನಮ್ಮಕ್ಕ ಹಾಸನದ ಕಡೆ ಒಂದು ಹಳ್ಳಿ ಸರ್ಕಾರಿ ಶಾಲೆಯಲ್ಲಿ ಟೀಚರು, ಆ ಎರಡು ವರ್ಷ ಅವಳು ಪಟ್ಟ ಪಾಡು ಹತ್ತಿರದಿಂದ ನೋಡಿದೀನಿ, ಅದಕ್ಕೇ ಇದಕ್ಕೆ ಹೌದು ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸೋಕೆ ನಂಗೆ ಮನಸ್ಸಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ: 2021ರಲ್ಲಿ ಡೆಲ್ಟಾ ಅನ್ನೋ ಕೊರೊನಾ ತಳಿ ಇದ್ದ ಟೈಮಲ್ಲಿ ಆ ರೂಲ್ಸ್‌ಗೆ ಅರ್ಥ ಇತ್ತು, ಆದ್ರೆ ಟೆಸ್ಟ್ ಖರ್ಚನ್ನ ಕೆಲಸ ಮಾಡೋರ ತಲೆ ಮೇಲೆ ಹಾಕಿದ್ದು ತಪ್ಪು, ಮತ್ತೆ ಲಸಿಕೆ ಟೆಸ್ಟ್ ಎರಡೂ ಒಂದೇ ಅನ್ನೋ ಥರ ತೋರಿಸಿದ್ದೂ ತಪ್ಪು.

ಮೊದಲು ನಮ್ಮಲ್ಲಿ ಏನಾಯ್ತು ಅಂತ ನೆನಪು ಮಾಡ್ಕೊಳ್ಳೋಣ. 2021ರ ಆಗಸ್ಟ್ 23ಕ್ಕೆ ಕರ್ನಾಟಕದಲ್ಲಿ 9ರಿಂದ 12ನೇ ಕ್ಲಾಸ್ ಶುರು ಆಯ್ತು, ಅದೂ ಪಾಸಿಟಿವಿಟಿ ರೇಟ್ (ಟೆಸ್ಟ್ ಮಾಡಿಸ್ಕೊಂಡೋರಲ್ಲಿ ಪಾಸಿಟಿವ್ ಬಂದೋರ ಪ್ರಮಾಣ) ಶೇ 2ಕ್ಕಿಂತ ಕಮ್ಮಿ ಇರೋ ಕಡೆ ಮಾತ್ರ. ಸೆಪ್ಟೆಂಬರ್ 6ಕ್ಕೆ 6ರಿಂದ 8, ಅಕ್ಟೋಬರ್ 25ಕ್ಕೆ ಚಿಕ್ಕ ಮಕ್ಕಳು, ಅಂದ್ರೆ 1ರಿಂದ 5. ಟೀಚರ್‌ಗಳು ಒಂದು ಡೋಸ್ ಆದ್ರೂ ತಗೊಂಡಿರ್ಬೇಕು ಅನ್ನೋದು ಶುರುವಿಂದಾನೇ ಇತ್ತು. ಕೇಂದ್ರ ಸರ್ಕಾರ ಕೂಡ ಸೆಪ್ಟೆಂಬರ್ 5ರ ಶಿಕ್ಷಕರ ದಿನದೊಳಗೆ ಎಲ್ಲಾ ಟೀಚರ್‌ಗಳಿಗೂ ಲಸಿಕೆ ಹಾಕಿಸಿ ಅಂತ ರಾಜ್ಯಗಳಿಗೆ 2 ಕೋಟಿಗಿಂತ ಜಾಸ್ತಿ ಡೋಸ್ ಎಕ್ಸ್‌ಟ್ರಾ ಕೊಡ್ತೀವಿ ಅಂತು. ಯಾಕೆ ಅಷ್ಟು ಅವಸರ ಅಂದ್ರೆ ಮಕ್ಕಳಿಗೆ ಆಗ ಲಸಿಕೆನೇ ಇರ್ಲಿಲ್ಲ. 15ರಿಂದ 18 ವಯಸ್ಸಿನೋರಿಗೆ ಶುರು ಆಗಿದ್ದೇ 2022ರ ಜನವರಿ 3ಕ್ಕೆ, 12ರಿಂದ 14ಕ್ಕೆ ಮಾರ್ಚ್ 16ಕ್ಕೆ. ಕ್ಲಾಸಲ್ಲಿ ನಲವತ್ತು ಮಕ್ಕಳು ಕೂತಿದ್ರೆ ಲಸಿಕೆ ಹಾಕಿಸ್ಕೊಳ್ಳೋಕೆ ಆಗ್ತಿದ್ದಿದ್ದು ಟೀಚರ್ ಒಬ್ರಿಗೆ ಮಾತ್ರ.

ಟೀಚರ್ ಒಬ್ರಿಂದ ಎಷ್ಟು ಹರಡುತ್ತೆ ಅಂತ ಕೇಳ್ಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಕೌಂಟಿ ಅಂತ ಇದೆ, ಅಲ್ಲಿ 2021ರ ಮೇನಲ್ಲಿ ನಡೆದಿದ್ದು ನಂಗೆ ಮರೆಯೋಕೇ ಆಗಲ್ಲ. ಒಬ್ಬ ಪ್ರೈಮರಿ ಸ್ಕೂಲ್ ಟೀಚರ್, ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ, ಲಕ್ಷಣ ಶುರುವಾದ್ಮೇಲೂ ಎರಡು ದಿನ ಕ್ಲಾಸ್ ತಗೊಂಡ್ರು, ಮಕ್ಕಳಿಗೆ ಜೋರಾಗಿ ಓದಿ ಹೇಳುವಾಗ ಆಗಾಗ ಮಾಸ್ಕ್ ತೆಗೀತಿದ್ರು. ಆ ರೂಮಲ್ಲಿ ಕಿಟಕಿ ಬಾಗಿಲು ತೆಗೆದಿತ್ತು, ಗಾಳಿ ಶುದ್ಧ ಮಾಡೋ ಫಿಲ್ಟರ್ ಇತ್ತು, ಡೆಸ್ಕ್‌ಗಳ ಮಧ್ಯೆ ಆರು ಅಡಿ ಅಂತರ ಇತ್ತು, ಮಕ್ಕಳೆಲ್ಲ ಮಾಸ್ಕ್ ಹಾಕಿದ್ರು. ಆದ್ರೂ 24 ಮಕ್ಕಳಲ್ಲಿ 12 ಮಕ್ಕಳಿಗೆ ಬಂತು. ಮುಂದಿನ ಎರಡು ಸಾಲಲ್ಲಿ ಕೂತಿದ್ದ 10 ಮಕ್ಕಳಲ್ಲಿ 8 ಮಕ್ಕಳಿಗೆ, ಹಿಂದಿನ ಮೂರು ಸಾಲಲ್ಲಿದ್ದ 14ರಲ್ಲಿ 4ಕ್ಕೆ. ಅಲ್ಲಿಂದ ಬೇರೆ ಕ್ಲಾಸು, ಮನೆ ಅಂತ ಹೋಗಿ ಟೀಚರೂ ಸೇರಿ ಒಟ್ಟು 27 ಜನ. ಇದನ್ನ ಓದಿದಾಗ ನಮ್ಮಕ್ಕನ ಕ್ಲಾಸ್‌ರೂಮ್ ಕಣ್ಮುಂದೆ ಬಂತು, ಅಲ್ಲಿ ಒಂದೊಂದು ಬೆಂಚಲ್ಲಿ ನಾಲ್ಕು ನಾಲ್ಕು ಮಕ್ಕಳು, ಆರು ಅಡಿ ಎಲ್ಲಿಂದ ತರೋದು, ಮುಂದಿನ ಸಾಲಿನ ಮಕ್ಕಳ ಮುಖದಿಂದ ಟೀಚರ್ ಮುಖಕ್ಕೆ ಹೆಚ್ಚಂದ್ರೆ ಮೂರು ಅಡಿ.

ಸರಿ, ಈಗ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರ್ತೀನಿ, ಲಸಿಕೆ ಹಾಕಿಸ್ಕೊಂಡೋರಿಗೂ ಬಂತಲ್ಲ ಅನ್ನೋದು. ಬಂತು, ನಿಜ. ಅದಕ್ಕೆ ನಮ್ಮಲ್ಲೇ ಉದಾಹರಣೆ ಇದೆ, 2021ರ ನವೆಂಬರ್‌ನಲ್ಲಿ ಧಾರವಾಡದ ಒಂದು ಮೆಡಿಕಲ್ ಕಾಲೇಜಲ್ಲಿ ಫ್ರೆಶರ್ಸ್ ಕಾರ್ಯಕ್ರಮ ಆದ್ಮೇಲೆ ಕೆಲವೇ ದಿನದಲ್ಲಿ 281 ಜನಕ್ಕೆ ಪಾಸಿಟಿವ್ ಬಂತು, ಅವರಲ್ಲಿ ಹೆಚ್ಚಿನೋರು ಎರಡೂ ಡೋಸ್ ಆಗಿದ್ದೋರು. ಆದ್ರೆ ಅದೇ ಸುದ್ದಿಯ ಇನ್ನರ್ಧ ಯಾರಿಗೂ ನೆನಪಿರಲ್ಲ: ಅವರಲ್ಲಿ ಬಹುಪಾಲು ಜನಕ್ಕೆ ಲಕ್ಷಣನೇ ಇರ್ಲಿಲ್ಲ, ಇದ್ರೂ ಸ್ವಲ್ಪ ಇತ್ತು ಅಷ್ಟೆ. ಹೆಚ್ಚಿನೋರಿಗೆ ಇನ್ನೂ ಲಸಿಕೆ ಆಗಿರದಿದ್ದ ಅದೇ ವರ್ಷದ ಏಪ್ರಿಲ್ ಮೇನಲ್ಲಿ ಹೆಂಗಿತ್ತು ಅಂತ ನಾನು ಹೇಳ್ಬೇಕಿಲ್ಲ, ಬೆಡ್‌ಗೆ ಆಕ್ಸಿಜನ್‌ಗೆ ಅಂತ ರಾತ್ರಿಯೆಲ್ಲ ಫೋನ್ ಮಾಡಿದ್ದು ಎಲ್ಲಾ ಮನೆಯೋರಿಗೂ ಗೊತ್ತು. ಉತ್ತರ ಪ್ರದೇಶದಲ್ಲಿ ಪಂಚಾಯ್ತಿ ಎಲೆಕ್ಷನ್ ಡ್ಯೂಟಿ ಮಾಡಿ ಬಂದು 1,621 ಜನ ಶಿಕ್ಷಕರು ಮತ್ತೆ ಶಾಲಾ ಸಿಬ್ಬಂದಿ ತೀರ್ಕೊಂಡ್ರು ಅಂತ ಅಲ್ಲಿನ ಪ್ರಾಥಮಿಕ ಶಿಕ್ಷಕರ ಸಂಘ ಪಟ್ಟಿನೇ ಕೊಟ್ಟಿತ್ತು, ಸರ್ಕಾರ ಆ ಲೆಕ್ಕ ಒಪ್ಪಲಿಲ್ಲ ಅನ್ನೋದು ಬೇರೆ ಮಾತು. ಹಾಗಾಗಿ ಲಸಿಕೆಯ ಮೊದಲ ಕೆಲಸ ಟೀಚರ್ ಜೀವ ಉಳಿಸೋದು. ಮಕ್ಕಳಿಗೆ ಹರಡೋದನ್ನ ಕಮ್ಮಿ ಮಾಡೋದು ಎರಡನೇ ಕೆಲಸ, ಅದನ್ನ ಡೆಲ್ಟಾ ಇದ್ದಾಗ ಒಂದು ಮಟ್ಟಕ್ಕೆ ಮಾಡ್ತು, ತಿಂಗಳು ಕಳೀತಾ ಕಳೀತಾ ಆ ಶಕ್ತಿ ಇಳೀತು, ಒಮಿಕ್ರಾನ್ ತಳಿ ಬಂದ್ಮೇಲಂತೂ ತುಂಬಾನೇ ಇಳೀತು. ಜೀವ ಉಳಿಸೋ ಶಕ್ತಿ ಮಾತ್ರ ಆಮೇಲೂ ಉಳ್ಕೊಂಡಿತ್ತು.

ಇನ್ನು ಟೆಸ್ಟ್ ವಿಷಯ. ಇದನ್ನ ಸ್ವಲ್ಪ ನಿಧಾನಕ್ಕೆ ನೋಡ್ಬೇಕು, ಯಾಕಂದ್ರೆ ಎಲ್ಲರೂ ತಪ್ಪು ತಿಳ್ಕೊಂಡಿರೋದು ಇಲ್ಲೇ.

ಒಬ್ಬ ಮೇಷ್ಟ್ರು ಸೋಮವಾರ ಬೆಳಿಗ್ಗೆ ಮೂಗು ಗಂಟಲಿಂದ ಸ್ವಾಬ್ ಕೊಟ್ರು ಅಂತ ಇಟ್ಕೊಳ್ಳಿ, ಮಂಗಳವಾರ ಸಂಜೆ ನೆಗೆಟಿವ್ ಅಂತ ಮೊಬೈಲಿಗೆ ಮೆಸೇಜ್ ಬಂತು. ಅದೇ ಮಂಗಳವಾರ ಅವರು ಬಸ್ಸಲ್ಲಿ ಬರ್ತಾ ಸೋಂಕು ಹತ್ತಿಸ್ಕೊಂಡ್ರು. ಶುಕ್ರವಾರ ಶನಿವಾರದ ಹೊತ್ತಿಗೆ ಅವರಿಂದ ಬೇರೆಯೋರಿಗೆ ಹರಡೋಕೆ ಶುರು, ಯಾಕಂದ್ರೆ ಕೊರೊನಾದಲ್ಲಿ ಲಕ್ಷಣ ಕಾಣೋಕೆ ಒಂದೆರಡು ದಿನ ಮುಂಚೆನೇ ಹರಡೋಕೆ ಶುರುವಾಗುತ್ತೆ, ಮೈಯಲ್ಲಿ ಏನೂ ಗೊತ್ತಾಗಲ್ಲ. ಜೇಬಲ್ಲಿ ನೆಗೆಟಿವ್ ರಿಪೋರ್ಟ್ ಇದೆ, ಧೈರ್ಯವಾಗಿ ಪಾಠ ಮಾಡ್ತಾರೆ. ಮುಂದಿನ ಸೋಮವಾರ ಮತ್ತೆ ಸ್ವಾಬ್, ಮಂಗಳವಾರ ಇಲ್ಲಾ ಬುಧವಾರ ಪಾಸಿಟಿವ್ ಅಂತ ಗೊತ್ತಾಗುತ್ತೆ, ಅಷ್ಟರಲ್ಲಿ ಅವರು ಮೂರ್ನಾಲ್ಕು ದಿನ ಎಷ್ಟು ಕ್ಲಾಸ್ ತಗೊಂಡಿರ್ತಾರೋ. ಟೆಸ್ಟ್ ಹೇಳೋದು ಸ್ವಾಬ್ ತೆಗೆದ ಹೊತ್ತಿನ ಕಥೆ ಮಾತ್ರ. 2020ರ ನವೆಂಬರ್ 17ಕ್ಕೆ ನಮ್ಮಲ್ಲಿ ಕಾಲೇಜು ಶುರು ಮಾಡಿದಾಗ 72 ಗಂಟೆಯೊಳಗಿನ ನೆಗೆಟಿವ್ ರಿಪೋರ್ಟ್ ತನ್ನಿ ಅಂದಿದ್ರಲ್ಲ, ಅದೂ ಹಿಂಗೇನೇ, ಗೇಟ್ ಒಳಗೆ ಬಂದ ಮಾರನೇ ದಿನಕ್ಕೆ ಆ ಕಾಗದಕ್ಕೆ ಬೆಲೆ ಕಮ್ಮಿ.

ಹಂಗಂತ ಟೆಸ್ಟ್ ವೇಸ್ಟ್ ಅಂತಿಲ್ಲ. ವಾರಕ್ಕೆ ಎರಡು ಮೂರು ಸಲ, ಹದಿನೈದಿಪ್ಪತ್ತು ನಿಮಿಷಕ್ಕೆ ರಿಸಲ್ಟ್ ಕೊಡೋ ರ‍್ಯಾಪಿಡ್ ಕಿಟ್ ಸ್ಟಾಫ್‌ರೂಮಲ್ಲೇ ಇಟ್ಟು, ಲಸಿಕೆ ಆಗಿದೆಯೋ ಇಲ್ವೋ ಅಂತ ನೋಡದೆ ಎಲ್ರಿಗೂ ಮಾಡಿದ್ರೆ ಸೋಂಕು ಹರಡೋ ಸರಪಳಿ ಎಷ್ಟೋ ಕಡೆ ಕಡಿಯುತ್ತೆ. ಇಟಲಿಯಲ್ಲಿ 2021ರ ಸೆಪ್ಟೆಂಬರ್‌ನಿಂದ ಶಾಲಾ ಸಿಬ್ಬಂದಿಗೆ ಗ್ರೀನ್ ಪಾಸ್, ಅಂದ್ರೆ ಲಸಿಕೆ ಆಗಿದೆ ಇಲ್ಲಾಂದ್ರೆ ಟೆಸ್ಟ್ ನೆಗೆಟಿವ್ ಇದೆ ಅಂತ ತೋರಿಸೋ ಸರ್ಟಿಫಿಕೇಟ್, ಕಡ್ಡಾಯ ಮಾಡಿದ್ರು, ಲಸಿಕೆ ಇಲ್ಲದೋರು 48 ಗಂಟೆಗೊಮ್ಮೆ ಟೆಸ್ಟ್ ಮಾಡಿಸ್ಬೇಕಿತ್ತು. ಕೊನೆಗೆ ಅದೂ ಸಾಲದು ಅಂತ ಡಿಸೆಂಬರ್ 15ರಿಂದ ಲಸಿಕೆನೇ ಕಡ್ಡಾಯ ಮಾಡಿದ್ರು. ಕ್ಯಾಲಿಫೋರ್ನಿಯಾ ಆಗಸ್ಟ್ 11ಕ್ಕೆ ಲಸಿಕೆ ಹಾಕಿಸ್ಕೊಳ್ಳಿ, ಇಲ್ಲಾಂದ್ರೆ ವಾರವಾರ ಟೆಸ್ಟ್ ಮಾಡಿಸಿ ಅಂತು, ನ್ಯೂಯಾರ್ಕ್ ಸಿಟಿ ಅಕ್ಟೋಬರ್ 4ರಿಂದ ಟೆಸ್ಟ್ ಅನ್ನೋ ದಾರಿನೇ ಕೊಡದೆ ಲಸಿಕೆ ಹಾಕಿಸ್ಕೊಳ್ಳಲೇಬೇಕು ಅಂತು.

ನಮ್ಮ ಪಕ್ಕದಲ್ಲೇ ಕೇರಳ ಮಾಡಿದ್ದು ಇನ್ನೂ ಹತ್ತಿರದ ಉದಾಹರಣೆ. ಅಲ್ಲಿ 2021ರ ನವೆಂಬರ್ 1ಕ್ಕೆ ಸ್ಕೂಲ್ ಶುರುವಾಯ್ತು, ಡಿಸೆಂಬರ್ ಮೊದಲ ವಾರ ಶಿಕ್ಷಣ ಮಂತ್ರಿ ವಿ. ಶಿವನ್‌ಕುಟ್ಟಿ ಅವರು ಇನ್ನೂ 1,707 ಜನ ಟೀಚರು ಮತ್ತೆ ಬೇರೆ ಸಿಬ್ಬಂದಿ ಲಸಿಕೆ ಹಾಕಿಸ್ಕೊಂಡಿಲ್ಲ ಅಂತ ಜಿಲ್ಲಾವಾರು ಲೆಕ್ಕನೇ ಹೊರಗೆ ಬಿಟ್ರು, ಮಲಪ್ಪುರಂನಲ್ಲಿ ಎಲ್ಲದಕ್ಕಿಂತ ಜಾಸ್ತಿ. ಅಲರ್ಜಿ, ಕಾಯಿಲೆ ಅಂತ ಕಾರಣ ಇರೋರು ಡಾಕ್ಟರ್ ಸರ್ಟಿಫಿಕೇಟ್ ಕೊಡ್ಬೇಕು, ಇಲ್ಲಾಂದ್ರೆ ಪ್ರತಿ ವಾರ ಸ್ವಂತ ದುಡ್ಡಲ್ಲಿ ಆರ್‌ಟಿಪಿಸಿಆರ್ ಅನ್ನೋ ಲ್ಯಾಬ್ ಟೆಸ್ಟ್ ಮಾಡಿಸಿ ರಿಪೋರ್ಟ್ ತರ್ಬೇಕು, ಅದೂ ಆಗಲ್ಲ ಅಂದ್ರೆ ಸಂಬಳ ಇಲ್ಲದ ರಜೆ ಮೇಲೆ ಹೋಗ್ಬೇಕು. ಹೆಸರು ಹೇಳದೆ ಬರೀ ಸಂಖ್ಯೆ ಹೇಳಿದ್ದು ಸರಿ ಅನ್ಸುತ್ತೆ ನಂಗೆ, ಯಾರಿಗೂ ಹೆಸರಿಟ್ಟು ಅವಮಾನ ಮಾಡ್ಲಿಲ್ಲ. ಆದ್ರೆ "ಸ್ವಂತ ದುಡ್ಡಲ್ಲಿ" ಅನ್ನೋ ಮಾತು ಮಾತ್ರ ಒಪ್ಪೋಕಾಗಲ್ಲ.

ಯಾಕೆ ಅಂತ ಹೇಳ್ತೀನಿ. ಸ್ಕೂಲ್ ಸಿಬ್ಬಂದಿ ಅಂದ್ರೆ ಒಳ್ಳೆ ಸಂಬಳ ತಗೊಳ್ಳೋ ಕಾಯಂ ಟೀಚರ್ ಮಾತ್ರ ಅಲ್ಲ. ಅತಿಥಿ ಶಿಕ್ಷಕರು ಇದಾರೆ, ಆಯಾ ಇದಾರೆ, ವ್ಯಾನ್ ಡ್ರೈವರ್ ಇದಾರೆ, ಬಿಸಿಯೂಟದ ಅಡುಗೆಯವ್ರು ಇದಾರೆ. ಕರ್ನಾಟಕದಲ್ಲಿ ಆಗ ಬಿಸಿಯೂಟದ ಮುಖ್ಯ ಅಡುಗೆಯವ್ರಿಗೆ ತಿಂಗಳಿಗೆ ಗೌರವಧನ ಇದ್ದಿದ್ದು 2,700 ರೂಪಾಯಿ, ಸಹಾಯಕರಿಗೆ 2,600. ಒಂದು ಟೆಸ್ಟ್‌ಗೆ 500 ರೂಪಾಯಿ ಅಂತ ಇಟ್ಕೊಂಡ್ರೂ ತಿಂಗಳಿಗೆ ನಾಲ್ಕು ಟೆಸ್ಟ್‌ಗೆ 2,000 ಆಯ್ತು, ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರೋ ಬಸ್ ಚಾರ್ಜ್ ಬೇರೆ. ಅಂಥೋರಿಗೆ ಲಸಿಕೆ, ಇಲ್ಲಾಂದ್ರೆ ಟೆಸ್ಟ್ ಅಂತ ಎರಡು ದಾರಿ ಕೊಟ್ಟಿದೀವಿ ಅನ್ನೋದು ಬಾಯಿ ಮಾತಷ್ಟೆ, ಅವರಿಗೆ ಎರಡನೇ ದಾರಿ ಇರೋದೇ ಇಲ್ಲ. ಹರಡೋದು ನಿಲ್ಲಲಿ ಅಂತ ನಿಜವಾಗ್ಲೂ ಟೆಸ್ಟ್ ಇಟ್ರೆ ಅದರ ಖರ್ಚು ಸರ್ಕಾರ ಇಲ್ಲಾ ಮ್ಯಾನೇಜ್‌ಮೆಂಟ್ ಕೊಡ್ಬೇಕು, ಪಾಸಿಟಿವ್ ಬಂದ್ರೆ ಸಂಬಳ ಕಟ್ ಮಾಡದೆ ರಜೆ ಕೊಡ್ಬೇಕು. ಇಲ್ಲಾಂದ್ರೆ ಜನ ಜ್ವರ ಇದ್ರೂ ಮಾತ್ರೆ ನುಂಗಿ ಬರ್ತಾರೆ.

ಹಾಕಿಸ್ಕೊಳ್ಳದೆ ಇದ್ದೋರೆಲ್ಲ ಹಠಮಾರಿಗಳು ಅಂತಾನೂ ಅಲ್ಲ. ಗರ್ಭಿಣಿಯರಿಗೆ ಲಸಿಕೆ ಹಾಕಬಹುದು ಅಂತ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2021ರ ಜುಲೈನಲ್ಲಿ, ಸ್ಕೂಲ್‌ಗಳಲ್ಲಿ ಎಷ್ಟು ಜನ ಹೆಣ್ಮಕ್ಕಳು ಕೆಲಸ ಮಾಡ್ತಾರೆ ಯೋಚ್ನೆ ಮಾಡಿ. ಜನವರಿಯಿಂದ ಹಾಕಿಸ್ಕೋಬೇಡಿ ಹಾಕಿಸ್ಕೋಬೇಡಿ ಅಂತಾನೇ ಕೇಳಿಸ್ಕೊಂಡು ಬಂದೋರಿಗೆ ಆಗಸ್ಟ್‌ನಲ್ಲಿ ಹಾಕಿಸ್ಕೊಂಡಿಲ್ವಾ ಅಂತ ಗದರಿಸಿದ್ರೆ ಹೆದರಿಕೆ ಆಗದೆ ಇರುತ್ತಾ? ಆಮೇಲೆ ಕೋವಿಶೀಲ್ಡ್ ಎರಡನೇ ಡೋಸ್‌ಗೆ 84 ದಿನ ಕಾಯಬೇಕಿತ್ತು, ಎರಡೂ ಡೋಸ್ ಬೇಕು ಅಂತ ಕೆಲವು ಮ್ಯಾನೇಜ್‌ಮೆಂಟ್‌ಗಳು ಹಠ ಮಾಡಿದಾಗ ಕೈಯಲ್ಲಿ ಏನೂ ಇಲ್ಲದ ಟೀಚರ್ ಏನ್ ಮಾಡ್ಬೇಕು.

ಕಾನೂನು ಏನನ್ನುತ್ತೆ ಅಂದ್ರೆ, 2022ರ ಮೇ 2ಕ್ಕೆ ಸುಪ್ರೀಂ ಕೋರ್ಟ್ ಜೇಕಬ್ ಪುಲಿಯೆಲ್ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ, ಯಾರನ್ನೂ ಬಲವಂತವಾಗಿ ಹಿಡಿದು ಲಸಿಕೆ ಚುಚ್ಚೋ ಹಾಗಿಲ್ಲ, ಅವರವರ ಮೈ ಅವರವರ ಹಕ್ಕು, ಸಂವಿಧಾನದ 21ನೇ ವಿಧಿಯಲ್ಲಿ ಬರುತ್ತೆ. ಅದರ ಜೊತೆಗೇ ಇನ್ನೊಂದು ಮಾತು ಹೇಳಿದೆ, ಅದನ್ನ ಲಸಿಕೆ ವಿರೋಧಿಸೋರು ಬಿಟ್ಟುಬಿಡ್ತಾರೆ: ಎಲ್ಲರ ಆರೋಗ್ಯಕ್ಕೋಸ್ಕರ ಸರ್ಕಾರ ಕೆಲವು ನಿರ್ಬಂಧ ಹಾಕ್ಬಹುದು, ಆದ್ರೆ ಅದಕ್ಕೆ ಕಾನೂನಿನ ಬಲ ಇರ್ಬೇಕು, ನ್ಯಾಯವಾದ ಕಾರಣ ಇರ್ಬೇಕು, ಅಪಾಯ ಎಷ್ಟಿದೆಯೋ ನಿರ್ಬಂಧನೂ ಅಷ್ಟೇ ಇರ್ಬೇಕು. ಈ ಮೂರು ಅಳತೆಗೋಲು ಬಂದಿದ್ದು ಖಾಸಗಿತನ ಮೂಲಭೂತ ಹಕ್ಕು ಅಂದ 2017ರ ಪುಟ್ಟಸ್ವಾಮಿ ತೀರ್ಪಿಂದ, ಆ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದೋರೇ. ಈ ಅಳತೆ ಇಟ್ಕೊಂಡು ನೋಡಿ, ಕೋರ್ಟ್ 2022ರ ಮೇ ಹೊತ್ತಿಗೆ ಸೋಂಕು ಕಮ್ಮಿ ಇದೆ, ಲಸಿಕೆ ಹಾಕಿಸ್ಕೊಳ್ಳದೋರಿಂದಾನೇ ಜಾಸ್ತಿ ಹರಡುತ್ತೆ ಅನ್ನೋಕೆ ಸರ್ಕಾರಗಳು ದಾಖಲೆ ಕೊಟ್ಟಿಲ್ಲ, ಸೋಂಕು ಕಮ್ಮಿ ಇರೋ ತನಕ ಲಸಿಕೆ ಇಲ್ಲದೋರ ಮೇಲಿನ ನಿರ್ಬಂಧಗಳನ್ನ ವಾಪಸ್ ತಗೊಳ್ಳಿ ಅಂತ ಸೂಚಿಸ್ತು.

ನಂಗೆ ಇದರಿಂದ ಅರ್ಥ ಆಗೋದು ಇಷ್ಟು: ರೂಲ್ಸ್ ಸರಿನಾ ತಪ್ಪಾ ಅನ್ನೋದು ಆ ತಿಂಗಳು ಎಂಥ ವೈರಸ್ ಇದೆ, ಲಸಿಕೆ ಅದನ್ನ ಎಷ್ಟು ತಡೆಯುತ್ತೆ ಅನ್ನೋದರ ಮೇಲೆ ನಿಂತಿರುತ್ತೆ. ಡೆಲ್ಟಾ ಕಾಲಕ್ಕೆ ಮಾಡಿದ್ದನ್ನ ಒಮಿಕ್ರಾನ್ ಆದ್ಮೇಲೂ ಹಂಗೇ ಮುಂದುವರಿಸಿದ್ರೆ ಅದು ಬರೀ ಕಾಗದ ತೋರಿಸೋ ಶಾಸ್ತ್ರ ಆಗುತ್ತೆ. 2021ರ ಡಿಸೆಂಬರ್ 2ಕ್ಕೆ ದೇಶದ ಮೊದಲ ಎರಡು ಒಮಿಕ್ರಾನ್ ಕೇಸ್ ಬೆಂಗಳೂರಲ್ಲೇ ಸಿಕ್ತು, ಮಾರನೇ ದಿನ ನಮ್ಮ ಸರ್ಕಾರ ಮಕ್ಕಳನ್ನ ಸ್ಕೂಲಿಗೆ ಕಳಿಸೋ ಅಪ್ಪ ಅಮ್ಮಂದಿರಿಗೂ ಎರಡು ಡೋಸ್ ಕಡ್ಡಾಯ ಅಂತು. ಅಪ್ಪ ಲಸಿಕೆ ಹಾಕಿಸ್ಕೊಂಡಿಲ್ಲ ಅಂತ ಮಗು ಪಾಠ ಯಾಕೆ ಕಳ್ಕೋಬೇಕು, ಆಗಲೇ ಒಂದೂವರೆ ವರ್ಷ ಮನೇಲಿ ಕೂತಿದ್ದ ಮಕ್ಕಳು ಅವು. ಮುಂದೆ ಇನ್ನೊಂದು ಕಾಯಿಲೆ ಬಂದಾಗ ಇಂಥ ರೂಲ್ಸ್ ಬಂದ್ರೆ ಎಸ್‌ಡಿಎಂಸಿ (ಸರ್ಕಾರಿ ಶಾಲೆ ನೋಡ್ಕೊಳ್ಳೋ ಸಮಿತಿ) ಮೀಟಿಂಗಲ್ಲೋ ಪೇರೆಂಟ್ಸ್ ಮೀಟಿಂಗಲ್ಲೋ ಕೂತು ಕೇಳಿ, ಇದು ಯಾವ ತಾರೀಖಿನ ತನಕ, ಟೆಸ್ಟ್ ದುಡ್ಡು ಯಾರು ಕೊಡ್ತಾರೆ, ಜ್ವರ ಬಂದೋರಿಗೆ ರಜೆ ಇದೆಯಾ, ರೂಮಲ್ಲಿ ಗಾಳಿ ಆಡುತ್ತಾ ಅಂತ.

ಅಕ್ಕನ ಸ್ಕೂಲಲ್ಲಿ ಅಡುಗೆ ಮಾಡೋ ಒಬ್ಬ ಅಮ್ಮ ಇದ್ರು, ಸ್ಕೂಲ್ ಶುರುವಾದ್ಮೇಲೂ ಲಸಿಕೆ ಹಾಕಿಸ್ಕೊಂಡಿರ್ಲಿಲ್ಲ. ಹೆಡ್ಮಾಸ್ಟ್ರು ಎರಡು ಸಲ ಹೇಳಿದ್ರು, ಹ್ಞೂಂ ಅಂತಿದ್ರು, ಹೋಗ್ತಿರ್ಲಿಲ್ಲ. ಎಲ್ರೂ ಅವ್ರಿಗೆ ಸೂಜಿ ಭಯ ಅಂದ್ಕೊಂಡಿದ್ರು. ಒಂದಿನ ಅಕ್ಕ ಅನ್ನದ ಪಾತ್ರೆ ಪಕ್ಕ ಕೂತು ನಿಧಾನಕ್ಕೆ ಕೇಳಿದಾಗ ಬಾಯಿ ಬಿಟ್ರಂತೆ, "ಸೂಜಿಗಲ್ಲ ಮೇಡಮ್ಮೋರೆ, ಚುಚ್ಚಿಸ್ಕೊಂಡ್ರೆ ಎರಡು ದಿನ ಜ್ವರ ಬರುತ್ತಂತಲ್ಲ, ಬೆಳಿಗ್ಗೆ ಇಲ್ಲಿ ಒಲೆ ಹಚ್ಚೋರು ಯಾರು, ಮಧ್ಯಾಹ್ನದ ಮೇಲೆ ಶುಂಠಿ ಹೊಲದ ಕೂಲಿ ಹೋಗುತ್ತೆ." ಅಕ್ಕ ಹೆಡ್ಮಾಸ್ಟ್ರ ಹತ್ರ ಮಾತಾಡಿ, ಪಕ್ಕದೂರಿನ ಸಹಾಯಕಿಯನ್ನ ಸೋಮವಾರಕ್ಕೆ ಬರೋಕೆ ಒಪ್ಪಿಸಿದ್ರು, ಪಿಎಚ್‌ಸಿ ಸಿಸ್ಟರ್‌ಗೆ ಆಶಾ ಕಾರ್ಯಕರ್ತೆ ಕಡೆಯಿಂದ ಹೇಳಿಸಿ ಶನಿವಾರ ಮಕ್ಕಳು ಹೋದ್ಮೇಲೆ ಸ್ಕೂಲಿಗೇ ಕರೆಸಿದ್ರು. ಆ ಅಮ್ಮ ಸೆರಗು ಸರಿ ಮಾಡ್ಕೊಂಡು ಒಂದನೇ ಕ್ಲಾಸಿನ ಬೆಂಚ್ ಮೇಲೆ ಕೂತು ಚುಚ್ಚಿಸ್ಕೊಂಡ್ರು. ಭಾನುವಾರ ಮೈ ಕೈ ನೋವು ಇತ್ತಂತೆ, ಸೋಮವಾರ ಸಹಾಯಕಿ ಸಾರು ಮಾಡಿದ್ಲು, ಮಂಗಳವಾರ ಅವ್ರೇ ಬಂದು ಒಲೆ ಹಚ್ಚಿದ್ರು.