ಟರ್ನರಿ ಬರೆದರೆ ಜಂಪ್ ಹೋಗುತ್ತದೆಯೇ?

ಇಫ್ ತೆಗೆದು ಟರ್ನರಿ (‘ಷರತ್ತು ? ಇದು : ಅದು’ ಎಂಬ ಚುಟುಕು ರೂಪ) ಬರೆದರೆ ಕಂಪೈಲರ್ ಜಂಪ್ (ಷರತ್ತು ನೋಡಿ ಕೋಡ್‌ನ ಬೇರೆ ಕಡೆ ಹಾರುವ ಸೂಚನೆ) ಬಿಟ್ಟು ಕಂಡಿಷನಲ್ ಮೂವ್ (ಹಾರದೆ ಎರಡರಲ್ಲಿ ಒಂದನ್ನು ಆರಿಸುವ ಸೂಚನೆ) ಹಾಕುತ್ತದೆ, ಲೂಪ್ ವೇಗವಾಗುತ್ತದೆ ಎಂಬ ನಂಬಿಕೆ ದಾವಣಗೆರೆಯಲ್ಲಿ ಪ್ರೋಗ್ರಾಂ ಬರೆಯುವ ಚುರುಕು ಹುಡುಗ ಹುಡುಗಿಯರನ್ನೂ ಬಿಟ್ಟಿಲ್ಲ. ಸರಳ ಷರತ್ತಾದರೆ ಎರಡು ಬಗೆಯ ಬರಹವೂ ಕ್ಲ್ಯಾಂಗ್‌ನಂಥ ಕಂಪೈಲರ್‌ಗಳ ತಳಹದಿಯಾದ ಎಲ್‌ಎಲ್‌ವಿಎಂ ಒಳಗೆ ಸಾಮಾನ್ಯವಾಗಿ ಒಂದೇ ‘ಸೆಲೆಕ್ಟ್’ (ಎರಡರಲ್ಲಿ ಒಂದನ್ನು ಆರಿಸು ಎಂಬ ಒಳಗಿನ ರೂಪ) ಆಗಿಬಿಡುತ್ತದೆ.

ಮೆಕ್ಕೆಜೋಳದ ಲಾಟುಗಳನ್ನೇ ನೋಡಿ. ತೇವಾಂಶ ಶೇ 14 ದಾಟಿದರೆ ಒಂದು ದರ, ಇಲ್ಲದಿದ್ದರೆ ಇನ್ನೊಂದು. ಹಸಿ, ಒಣ ಕಲಸಿ ಬಂದರೆ ಜಂಪ್ ಯಾವ ಕಡೆ ಹೋಗುತ್ತದೆ ಎಂಬ ಪ್ರೊಸೆಸರ್‌ನ ಊಹೆ ತಪ್ಪುತ್ತಲೇ ಇರುತ್ತದೆ. ಒಂದೊಂದು ತಪ್ಪಿಗೂ ಸುಮಾರು 15–20 ಸೈಕಲ್ (ಚಿಪ್‌ನ ಗಡಿಯಾರದ ಬಡಿತ) ದಂಡ. ಆಗ ಕಂಡಿಷನಲ್ ಮೂವ್ ಗೆಲ್ಲುತ್ತದೆ. ಬಹುತೇಕ ಒಣಗಿದ ಮಾಲೇ ಬಂದರೆ ಊಹೆ ಸರಿಹೋಗಿ ಜಂಪ್ ಹೆಚ್ಚುಕಡಿಮೆ ಪುಕ್ಕಟೆ. ಕೋಡ್ ಅದೇ, ಚಿಪ್ ಅದೇ, ಬದಲಾದದ್ದು ಮಾಲು.

ಕಂಡಿಷನಲ್ ಮೂವ್ ಕಾಯುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಷರತ್ತು ತಿಳಿಯಬೇಕು, ಎರಡೂ ಮೌಲ್ಯಗಳು ಕೈಗೆ ಬರಬೇಕು, ಆಮೇಲಷ್ಟೇ ಉತ್ತರ. ಜಂಪ್ ಊಹಿಸಿ ಮುಂದೆ ಓಡುತ್ತದೆ. ಆ ಉತ್ತರವೇ ಮುಂದಿನ ಸುತ್ತಿಗೆ ಬೇಕಿದ್ದರೆ ಕಾಯುವಿಕೆ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗುತ್ತದೆ. ಪಟ್ಟಿಯನ್ನು ಅರ್ಧ ಅರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್‌ನಲ್ಲಿ ಟೇಬಲ್ ಕ್ಯಾಶ್‌ನೊಳಗೆ (ಚಿಪ್‌ನ ಪುಟ್ಟ, ವೇಗದ ಮೆಮೊರಿ) ಹಿಡಿಸುವವರೆಗೆ ಕಂಡಿಷನಲ್ ಮೂವ್ ಚೆನ್ನ. ಕ್ಯಾಶ್ ಮೀರಿ ಬೆಳೆದರೆ, ಊಹಿಸಿ ಮುಂದಿನ ಮೆಮೊರಿಯನ್ನು ಮೊದಲೇ ತರಿಸುವ ಜಂಪ್ ಗೆಲ್ಲಬಹುದು.

ಅದಕ್ಕೇ ಎಲ್‌ಎಲ್‌ವಿಎಂನಲ್ಲಿ ಕೆಲಸವನ್ನು ಹಂತಗಳಿಗೆ ಹಂಚಿದ್ದಾರೆ. ಎಲ್ಲ ಚಿಪ್‌ಗಳಿಗೂ ಸಾಮಾನ್ಯವಾದ ಹಂತಕ್ಕೆ ಚಿಪ್‌ನ ಗುಣ ಅಷ್ಟಾಗಿ ತಿಳಿಯದು. ಒಂದೆರಡು ಅಗ್ಗದ ಲೆಕ್ಕವಿದ್ದರೆ ಅದು ಸಾಮಾನ್ಯವಾಗಿ ಸೆಲೆಕ್ಟ್ ಮಾಡುತ್ತದೆ. ಆದರೆ ಪಾಯಿಂಟರ್ ನಲ್ (ಖಾಲಿ ವಿಳಾಸ) ಅಲ್ಲವೆಂದು ಪರೀಕ್ಷಿಸುವ ಇಫ್ ತೆಗೆದು ಅದರೊಳಗಿನ ಲೋಡ್ (ಮೆಮೊರಿ ಓದು) ಅನ್ನು ಹೊರಗೆ ತರುವಂತಿಲ್ಲ, ಪ್ರೋಗ್ರಾಂ ಬಿದ್ದುಹೋಗುತ್ತದೆ. ಕೊನೆಯ ತೀರ್ಪು ಟಾರ್ಗೆಟ್ ಹಂತದ್ದು, ಅಂದರೆ ಆಯಾ ಚಿಪ್‌ಗೆ ಸೂಚನೆ ಆರಿಸುವ ಹಂತದ್ದು. ಇಂಟೆಲ್, ಎಎಂಡಿ ಚಿಪ್‌ಗಳ ಎಕ್ಸ್86ರಲ್ಲಿ ಕಂಡಿಷನಲ್ ಮೂವ್ 1995ರ ಪೆಂಟಿಯಂ ಪ್ರೋದಿಂದ ಇದೆ. ಆದರೂ ಎಲ್‌ಎಲ್‌ವಿಎಂನ ಎಕ್ಸ್86 ಹಂತ ಲೂಪ್‌ನ ವೆಚ್ಚ ಅಂದಾಜಿಸಿ, ನಷ್ಟ ಕಂಡರೆ ಅದನ್ನು ಮತ್ತೆ ಜಂಪ್ ಮಾಡುತ್ತದೆ. 64 ಬಿಟ್ ಆರ್ಮ್‌ನಲ್ಲಿ ‘ಸಿಸೆಲ್’ ಎಂಬ ಒಂದೇ ಸೂಚನೆ ಸಾಕು. ರಿಸ್ಕ್-ವಿ ಚಿಪ್‌ಗಳ ಝೈಕಾಂಡ್ ಎಂಬ ಸೂಚನಾ ವಿಸ್ತರಣೆಯಲ್ಲಿ ಅದೇ ಕೆಲಸಕ್ಕೆ ಮೂರು ಸೂಚನೆ ಬೇಕಾಗಬಹುದು.

ಮೊದಲು ನಿಜವಾದ ಡೇಟಾ ಕೊಟ್ಟು ಲಿನಕ್ಸ್‌ನ ‘ಪರ್ಫ್ ಸ್ಟ್ಯಾಟ್’ನಲ್ಲಿ ಬ್ರಾಂಚ್ ಮಿಸ್ (ತಪ್ಪಿದ ಊಹೆ) ಎಣಿಸಿ. ಆಮೇಲೆ ಕಂಪೈಲ್ ಆದ ಸೂಚನೆ ತೋರಿಸುವ ‘ಆಬ್ಜ್‌ಡಂಪ್’ನಲ್ಲಿ ಬಿಸಿ ಲೂಪ್ (ಅತಿ ಹೆಚ್ಚು ಓಡುವ ಲೂಪ್) ತೆರೆದು ಜಂಪ್ ಇದೆಯೋ ಮೂವ್ ಇದೆಯೋ ಕಣ್ಣಾರೆ ನೋಡಿ. ಮಿಸ್ ಹೆಚ್ಚಿದ್ದೂ ಜಂಪ್ ಉಳಿದಿದ್ದರೆ ಪ್ರೊಫೈಲ್ (ಪ್ರೋಗ್ರಾಂ ಓಡಿಸಿ ಪಡೆದ ದಾಖಲೆ) ಕೊಟ್ಟು ಕಂಪೈಲ್ ಮಾಡಿ. ಕ್ಲ್ಯಾಂಗ್ ಬಳಸುವವರಿಗೆ, ಈ ಷರತ್ತು ಊಹೆಗೆ ಸಿಗದು ಎಂದು ಹೇಳುವ ‘ಬಿಲ್ಟಿನ್ ಅನ್‌ಪ್ರೆಡಿಕ್ಟಬಲ್’ ಇದೆ. ಅದು ಸುಳಿವು ಮಾತ್ರ, ಕಂಪೈಲರ್ ಒಪ್ಪಲೇಬೇಕೆಂದಿಲ್ಲ.

ಗುಪ್ತ ಕೀ ಹೋಲಿಸುವ ಕೋಡ್‌ನಲ್ಲಂತೂ ದಯವಿಟ್ಟು ಟರ್ನರಿ ನಂಬಬೇಡಿ. ಟಾರ್ಗೆಟ್ ಹಂತ ಅದನ್ನು ಜಂಪ್ ಮಾಡಿಬಿಟ್ಟರೆ ತೆಗೆದುಕೊಂಡ ಸಮಯದಿಂದಲೇ ಕೀ ಸೋರಬಹುದು. ಕಂಪೈಲರ್ ಆವೃತ್ತಿ ಬದಲಾದಾಗಲೆಲ್ಲ ಆಬ್ಜೆಕ್ಟ್ ಕೋಡ್ ಮತ್ತೆ ತೆರೆದು ನೋಡಿ.