ಮಾರುವ ದಂಪತಿಗೆ ಡಿವೋರ್ಸ್ ಆಗ್ತಿದೆ, ನೋಂದಣಿ ಮುಂದಕ್ಕೆ ಹೋಗ್ತಾನೇ ಇದೆ. ಕಾಯಬೇಕಾ, ಬಿಡಬೇಕಾ?

ಪ್ರಶ್ನೆ: ಮನೆ ಕೊಳ್ಳಲು ಅಗ್ರಿಮೆಂಟ್ ಮಾಡಿಕೊಂಡು ನಾಲ್ಕು ತಿಂಗಳಾಯಿತು. ಮುಂಗಡ ಕೊಟ್ಟಿದ್ದೇವೆ. ಮಾರುತ್ತಿರುವವರು ಗಂಡ ಹೆಂಡತಿ, ಇಬ್ಬರ ಡಿವೋರ್ಸ್ ಕೇಸ್ ನಡೆಯುತ್ತಿದೆ. ಹೆಂಡತಿ ಇವತ್ತೇ ಸಹಿ ಹಾಕುತ್ತೇನೆ ಅನ್ನುತ್ತಾರೆ, ಗಂಡ ಫೋನೇ ಎತ್ತುವುದಿಲ್ಲ. ಒಂದು ಸಲ ತಾರೀಖು ಮುಂದಕ್ಕೆ ಹಾಕಿದ್ದೂ ಆಯಿತು. ನಾವು ಏನು ಮಾಡಬೇಕು?

ಉತ್ತರ: ಕಾಯಿರಿ, ಆದರೆ ಕೊನೆಯ ತಾರೀಖು ಒಂದನ್ನು ಇಟ್ಟುಕೊಂಡು ಕಾಯಿರಿ. ಅದಕ್ಕೂ ಮೊದಲು, ಯಾವುದಕ್ಕೆ ಕಾಯುತ್ತಿದ್ದೇವೆ ಅನ್ನುವುದು ನಿಮಗೆ ಸರಿಯಾಗಿ ಗೊತ್ತಿರಬೇಕು. "ಅವರಿಬ್ಬರ ಜಗಳ" ಅಂದುಬಿಟ್ಟರೆ ಏನೂ ತಿಳಿದ ಹಾಗಾಗಲ್ಲ.

ಇಂಥ ಮನೆಗಳಲ್ಲಿ ತಡ ಆಗೋದು ಹೆಚ್ಚಾಗಿ ಮೂರು ಕಾರಣಕ್ಕೆ. ಒಂದು, ಕಾಗದದ ಕೆಲಸ. ಕೋರ್ಟಿನ ಒಪ್ಪಿಗೆ ಬರಬೇಕು, ಹಳೇ ಸಾಲ ತೀರಿಸಿದ ಮೇಲೆ ಬ್ಯಾಂಕು ಪತ್ರ ಕೊಡಬೇಕು, ಈ ಥರದ್ದು. ಇದು ನಿಧಾನ, ಆದರೆ ಮುಗಿಯುತ್ತದೆ. ಎರಡು, ಬರುವ ದುಡ್ಡಲ್ಲಿ ಯಾರಿಗೆ ಎಷ್ಟು ಅನ್ನುವ ತಕರಾರು. ಇದಕ್ಕೆ ದಾರಿ ಇದೆ, ಹೇಳುತ್ತೇನೆ. ಮೂರನೆಯದು ಕಷ್ಟದ್ದು: ಇಬ್ಬರಲ್ಲಿ ಒಬ್ಬರಿಗೆ ಮಾರುವ ಮನಸ್ಸೇ ಇಲ್ಲ. ಮಕ್ಕಳನ್ನ ಕಟ್ಟಿಕೊಂಡು ಅದೇ ಮನೆಯಲ್ಲಿದ್ದಾರೆ, ಬಿಟ್ಟರೆ ಹೋಗಲು ಜಾಗ ಇಲ್ಲ. ಅಂಥವರನ್ನ ನೀವು ಎಷ್ಟು ಒತ್ತಾಯ ಮಾಡಿದರೂ ತಾರೀಖು ಮುಂದಕ್ಕೆ ಹೋಗುತ್ತಲೇ ಇರುತ್ತದೆ.

ನಿಮ್ಮದು ಯಾವುದು ಅಂತ ತಿಳಿಯಲು ನಿಮ್ಮ ವಕೀಲರಿಂದ ಅವರ ವಕೀಲರಿಗೆ ಕೆಲವು ಪ್ರಶ್ನೆ ಕೇಳಿಸಿ. ಮನೆಯ ಪತ್ರ ಯಾರ ಹೆಸರಲ್ಲಿದೆ? ಮಾರಬಾರದು ಅಂತ ಕೋರ್ಟಿನಿಂದ ತಡೆಯಾಜ್ಞೆ ಏನಾದರೂ ಇದೆಯಾ? ಮನೆ ಮೇಲೆ ಸಾಲ ಎಷ್ಟಿದೆ, ನೀವು ಕೊಡುವ ದುಡ್ಡಲ್ಲಿ ಅದು ತೀರುತ್ತದಾ? ಪತ್ರ ಒಬ್ಬರ ಹೆಸರಲ್ಲೇ ಇದೆ ಅಂತ ನೆಮ್ಮದಿಯಾಗಬೇಡಿ. ಎಷ್ಟೋ ಕಡೆ ಕಾನೂನು ಗಂಡನಿಗೋ ಹೆಂಡತಿಗೋ ಆ ಮನೆಯಲ್ಲಿ ವಾಸ ಮಾಡುವ ಹಕ್ಕನ್ನೋ ಪಾಲನ್ನೋ ಕೊಟ್ಟಿರುತ್ತದೆ. ಹೆಸರಿಲ್ಲದವರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ತಗೊಂಡಿದ್ದರೆ ಮುಂದೆ ತಲೆನೋವು ಇರಲ್ಲ.

ನಾವು ಈಗಿರುವ ಮನೆಯನ್ನೂ ಹೀಗೆ ಬೇರೆಯಾಗುತ್ತಿದ್ದ ದಂಪತಿಯಿಂದಲೇ ಕೊಂಡಿದ್ದು. ಬ್ಯಾಂಕಿನ ಕಡೆಯಿಂದ ಮನೆಯ ಬೆಲೆ ಕಟ್ಟಲು ಬಂದವರು ಕೆಳಗೆಲ್ಲ ಅಳತೆ ತೆಗೆದುಕೊಂಡು ಮಹಡಿಗೆ ಹೋದರೆ ಅಲ್ಲಿ ಒಂದು ಕೋಣೆಗೆ ಹೊಸ ಬೀಗ. ಒಳಗೆ ಗಂಡನ ಸಾಮಾನು, ಬೀಗದ ಕೈ ಅವರ ಹತ್ತಿರ. ಹೆಂಡತಿ ಮೆಟ್ಟಿಲ ಕೆಳಗೇ ನಿಂತು "ಅದನ್ನ ಅವರನ್ನೇ ಕೇಳಿ" ಅಂದರು, ಮೇಲೆ ಬರಲೇ ಇಲ್ಲ. ಒಂದು ಕೋಣೆ ನೋಡಲಾಗಲಿಲ್ಲ ಅಂತ ವರದಿಯಲ್ಲಿ ಬರೆದರು, ನಮ್ಮ ಸಾಲ ಅಲ್ಲಿಗೇ ನಿಂತಿತು. ಮೂರು ವಾರ ನಾನು ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡಿ, ಇವರು ಅಂದಿದ್ದನ್ನ ಅವರಿಗೆ, ಅವರು ಅಂದಿದ್ದನ್ನ ಇವರಿಗೆ ಮುಟ್ಟಿಸುತ್ತಾ ಓಡಾಡಿದೆ, ಒಬ್ಬರಿಗೆ ಸಮಾಧಾನ ಹೇಳಿದರೆ ಇನ್ನೊಬ್ಬರಿಗೆ ನಾನು ಆ ಕಡೆಯವನು ಅನ್ನಿಸಿತು, ಕೆಲಸ ಇನ್ನೂ ಕೆಟ್ಟಿತು. ಕೊನೆಗೆ ನಮ್ಮ ವಕೀಲರು ಇಬ್ಬರ ವಕೀಲರಿಗೂ ಒಂದೇ ದಿನ ನಾಲ್ಕು ಸಾಲಿನ ಒಂದೇ ಪತ್ರ ಕಳಿಸಿದರು. ಕೋಣೆ ನೋಡಲು ಈ ಎರಡು ದಿನ, ಯಾರೂ ಬರಬೇಕಿಲ್ಲ, ಬೀಗದ ಕೈ ನಮ್ಮ ಆಫೀಸಿಗೆ ಮುಟ್ಟಿಸಿದರೆ ಸಾಕು. ಮಾರನೇ ದಿನವೇ ಕವರಿನಲ್ಲಿ ಬೀಗದ ಕೈ ಬಂತು. ಮಾರುವುದಕ್ಕೆ ಆ ಮನುಷ್ಯನಿಗೆ ತಕರಾರೇ ಇರಲಿಲ್ಲ. ಹೆಂಡತಿಯ ಎದುರು ಬಂದು ನಿಲ್ಲುವುದು ಅವರ ಕೈಲಿ ಆಗುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಮಧ್ಯಸ್ಥಿಕೆಗೆ ಹೋಗಬೇಡಿ. ಯಾರ ತಪ್ಪು ಅಂತ ಕೇಳಿಸಿಕೊಳ್ಳಲೂ ಬೇಡಿ. ಏನು ಹೇಳುವುದಿದ್ದರೂ ಬರೆದು, ಇಬ್ಬರಿಗೂ ಒಂದೇ ಹೊತ್ತಿಗೆ ಕಳಿಸಿ. ಮತ್ತೆ ಅವರಿಬ್ಬರು ಎದುರುಬದುರು ಕೂರಬೇಕಾದ ಸಂದರ್ಭಗಳನ್ನ ಆದಷ್ಟು ತಪ್ಪಿಸಿ. ಸಹಿ ಬೇರೆ ಬೇರೆ ಹೊತ್ತಿಗೆ ಹಾಕಬಹುದಾ, ಈ ಒಂದು ಮಾರಾಟಕ್ಕೆ ಮಾತ್ರ ನಂಬಿಕಸ್ಥರಿಗೆ ಅಧಿಕಾರ ಪತ್ರ ಕೊಡಬಹುದಾ ಅಂತ ವಕೀಲರನ್ನ ಕೇಳಿ. ಫೋನ್ ಎತ್ತದ ಗಂಡ ಇಂಥ ಪತ್ರಕ್ಕೆ ಉತ್ತರ ಕೊಡುವ ಸಾಧ್ಯತೆ ಜಾಸ್ತಿ.

ಈಗ ದುಡ್ಡಿನ ವಿಷಯ. ಪಾಲಿನ ಜಗಳ ಮುಗಿಯುವ ತನಕ ಮನೆ ಮಾರಲೇಬಾರದು ಅಂತೇನಿಲ್ಲ. ಎಷ್ಟಕ್ಕೆ ಮಾರುವುದು ಅನ್ನುವುದರಲ್ಲಿ ಇಬ್ಬರೂ ಒಪ್ಪಿದ್ದರೆ, ಸಾಲ ತೀರಿಸಿ ಉಳಿದ ಹಣವನ್ನ ವಕೀಲರ ಬಳಿಯ ಠೇವಣಿ ಖಾತೆಯಲ್ಲೋ ಕೋರ್ಟಿನಲ್ಲೋ ಇಡಬಹುದು, ಪಾಲು ಎಷ್ಟೆಷ್ಟು ಅಂತ ಅವರು ಆಮೇಲೆ ನಿಧಾನವಾಗಿ ತೀರ್ಮಾನ ಮಾಡಿಕೊಳ್ಳಲಿ, ನಿಮಗೆ ಮನೆ ಸಿಗುತ್ತದೆ, ಅವರಿಗೂ ಸಾಲದ ಕಂತು ಕಟ್ಟುವುದು ತಪ್ಪುತ್ತದೆ. ಈ ಮಾತನ್ನ ನೀವೇ ಎತ್ತಿ. ಸಿಟ್ಟಿನಲ್ಲಿರುವ ಇಬ್ಬರಿಗೆ ಇದು ಹೊಳೆಯಲ್ಲ, ಎಷ್ಟೋ ಸಲ ವಕೀಲರೂ ಯಾರಾದರೂ ಕೇಳಲಿ ಅಂತ ಸುಮ್ನೆ ಇರುತ್ತಾರೆ. ನಿಂತುಹೋದ ವ್ಯವಹಾರ ಮತ್ತೆ ಹೊರಡುವುದು ಹೆಚ್ಚಾಗಿ ಇಲ್ಲಿಂದಲೇ.

ಈ ನಡುವೆ ಒಬ್ಬರು ನಿಮ್ಮ ಹತ್ತಿರ ಬಂದು "ಇನ್ನೊಂದು ಸ್ವಲ್ಪ ಮುಂಗಡ ಕೊಡಿ, ಅವರನ್ನ ಒಪ್ಪಿಸುತ್ತೇನೆ" ಅನ್ನಬಹುದು. ದಯವಿಟ್ಟು ಕೊಡಬೇಡಿ. ಒಬ್ಬರ ಕೈಗೆ ಹೋದ ದುಡ್ಡನ್ನ ಇನ್ನೊಬ್ಬರು ಒಪ್ಪಿಕೊಳ್ಳಲ್ಲ, ಆಮೇಲೆ ಅವರ ಕೇಸಿನಲ್ಲಿ ನಿಮ್ಮ ರಸೀದಿಯೂ ಒಂದು ದಾಖಲೆ ಆಗುತ್ತದೆ. ನೋಂದಣಿಗೆ ಮೊದಲೇ ಸಾಮಾನು ತಂದಿಡುವುದು, ಬಣ್ಣ ಹೊಡೆಸುವುದು, ಇವೂ ಬೇಡ.

ನಿಮ್ಮ ಕಡೆಯ ತಾರೀಖುಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬ್ಯಾಂಕ್ ಮಂಜೂರು ಮಾಡಿದ ಸಾಲಕ್ಕೆ ಅವಧಿ ಇರುತ್ತದೆ, ಬಡ್ಡಿ ದರ ಅಷ್ಟರೊಳಗೆ ಬದಲಾಗಬಹುದು. ಅವಧಿ ಮುಗಿಯುವ ಮೊದಲೇ ಬ್ಯಾಂಕಿಗೆ ಹೋಗಿ ವಿಸ್ತರಣೆ ಕೇಳಿ. ಬಾಡಿಗೆ ಮನೆಯಲ್ಲಿದ್ದರೆ, ನೋಂದಣಿ ಆಗದೆ ಖಾಲಿ ಮಾಡುವ ನೋಟಿಸ್ ಕೊಡಬೇಡಿ.

ಆ ಹಾಳೆಯಲ್ಲಿ ಎಲ್ಲಕ್ಕಿಂತ ಮುಂಚೆ ಬರುವ ತಾರೀಖು ಯಾವುದೋ ಅದೇ ನಿಮ್ಮ ಗಡುವು. ಈ ಸಲ ಅವಧಿ ಮುಂದಕ್ಕೆ ಹಾಕುವಾಗ ಬಾಯಿಮಾತು ಬೇಡ. ಅಗ್ರಿಮೆಂಟಿಗೆ ಒಂದು ಪೂರಕ ಪತ್ರ ಬರೆಸಿ. ಇಂಥ ದಿನದೊಳಗೆ ನೋಂದಣಿ ಆಗದಿದ್ದರೆ ನೀವು ಹಿಂದೆ ಸರಿಯಬಹುದು, ಮುಂಗಡ ಪೂರ್ತಿ ಇಷ್ಟು ದಿನದಲ್ಲಿ ವಾಪಸ್, ನಿಮ್ಮ ಖರ್ಚು ಯಾರ ಮೇಲೆ, ಎಲ್ಲವೂ ಅದರಲ್ಲಿರಲಿ, ಇಬ್ಬರ ಸಹಿಯೂ ಇರಲಿ. ಈ ಪತ್ರಕ್ಕೂ ಗಂಡ ಸಹಿ ಹಾಕಲ್ಲ ಅಂದರೆ ಅದು ಮೂರನೇ ಕಾರಣ, ಮಾರುವ ಮನಸ್ಸೇ ಇಲ್ಲ ಅಂತ ತಿಳಿಯಿರಿ, ಬೇರೆ ಮನೆ ನೋಡಲು ಶುರು ಮಾಡಿ. ಕರಾರಿನ ಪ್ರಕಾರ ಮಾರಲೇಬೇಕು ಅಂತ ನೀವು ಕೋರ್ಟಿಗೆ ಹೋಗುವ ಹಕ್ಕು ಎಷ್ಟೋ ಕಡೆ ಇದೆ, ಆದರೆ ಅದಕ್ಕೆ ವರ್ಷಗಳು ಹಿಡಿಯಬಹುದು. ಆ ಮನೆಯೇ ಬೇಕು ಅನ್ನುವ ಬಲವಾದ ಕಾರಣ ಇಲ್ಲದಿದ್ದರೆ ನಾನಂತೂ ಹೋಗು ಅನ್ನಲ್ಲ.

ಬಿಡುವುದಾದರೂ ಎದ್ದು ಬಂದುಬಿಡಬೇಡಿ. ರದ್ದು ಪತ್ರಕ್ಕೂ ಇಬ್ಬರ ಸಹಿ ಬೇಕು, ಅದು ಕೈಗೆ ಬಂದು ಮುಂಗಡ ನಿಮ್ಮ ಖಾತೆಗೆ ಜಮಾ ಆದ ಮೇಲೇ ಇನ್ನೊಂದು ಮನೆಗೆ ಮುಂಗಡ ಕೊಡಿ.