ಹೂವು, ಬಾಗಿಲು, ಅಕ್ಕಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ 74 ವರ್ಷ. ಕಳೆದ ವರ್ಷ ಹಿರಿಯರ ತಪಾಸಣಾ ಶಿಬಿರವೊಂದಕ್ಕೆ ಅವರನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿದ್ದ ಹುಡುಗಿ ಮರಾಠಿಯಲ್ಲಿ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ದೊಡ್ಡಮ್ಮನ ಬಾಯಿಂದ ಬಂದದ್ದು ಒಂದೇ ಪದ. ಚೀಟಿಯಲ್ಲಿ ‘ಮರೆವು’ ಅಂತ ಬರೆದುಕೊಟ್ಟರು. ರಿಕ್ಷಾದಲ್ಲಿ ದೊಡ್ಡಮ್ಮ ಮಾತೇ ಆಡಲಿಲ್ಲ.

ಸಂಜೆ ಮನೆಯಲ್ಲಿ ನಾನೇ ಕೇಳಿದೆ, ಕನ್ನಡದಲ್ಲಿ. ಹೂವು, ಬಾಗಿಲು, ಅಕ್ಕಿ. ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. “ಮೂರೂ ನೆನಪುಂಟಾ ದೊಡ್ಡಮ್ಮ?” ಅಂದೆ. “ಹೂವು, ಬಾಗಿಲು, ಅಕ್ಕಿ. ದೋಸೆಗೆ ಅಕ್ಕಿ ನೆನೆಸಲಿಕ್ಕುಂಟು ಮಾರಾಯ” ಅಂದರು.

ದೊಡ್ಡಮ್ಮ ತರಕಾರಿಯವನ ಹತ್ತಿರ ಮರಾಠಿಯಲ್ಲಿ ಚೆನ್ನಾಗಿಯೇ ಚೌಕಾಸಿ ಮಾಡುತ್ತಾರೆ. ಆದರೆ ಗಾಬರಿಯಲ್ಲಿ ಕೂತು ಪದ ನೆನಪಿಟ್ಟುಕೊಳ್ಳುವುದು ಬೇರೆ ಕೆಲಸ, ಅಲ್ವಾ? ಅದಕ್ಕೆ ಮನೆಮಾತೇ ಬೇಕು.

ಆ ಮೂರು ಪದಗಳನ್ನು ನಾನು ತೆಗೆದುಕೊಂಡದ್ದು ಹಿರಿಯರ ಆರೈಕೆಗೆಂದು ವಿಶ್ವ ಆರೋಗ್ಯ ಸಂಸ್ಥೆ ತಂದ ‘ಐಕೋಪ್’ ಕೈಪಿಡಿಯಿಂದ. ವಯಸ್ಸಾದವರಿಗೆ ಎಷ್ಟು ಕಾಯಿಲೆ ಇದೆ ಅಂತ ಎಣಿಸುವುದಕ್ಕಿಂತ, ಅವರ ದೇಹ ಮತ್ತು ಮನಸ್ಸಿನಲ್ಲಿ ಎಷ್ಟು ಕಸುವು ಉಳಿದಿದೆ ಅಂತ ನೋಡಬೇಕು ಎಂಬ ಮಾತನ್ನು ಸಂಸ್ಥೆ 2015ರ ವರದಿಯಲ್ಲಿ ಹೇಳಿತು. 2019ರ ಕೈಪಿಡಿಯಲ್ಲಿ ಅದನ್ನು ಪರೀಕ್ಷೆ ಮಾಡುವ ಸುಲಭ ದಾರಿ ಬಂತು. ನೆನಪು, ನಡಿಗೆ, ಊಟ, ಕಣ್ಣು, ಕಿವಿ, ಮನಸ್ಸು, ಇವಿಷ್ಟೇ. ದೊಡ್ಡ ಯಂತ್ರ ಬೇಡ, ಡಾಕ್ಟರೇ ಬರಬೇಕೆಂದೂ ಇಲ್ಲ. ಮೂರು ತಿಂಗಳಲ್ಲಿ 3 ಕಿಲೋಗಿಂತ ಜಾಸ್ತಿ ತೂಕ ಇಳಿದಿದೆಯಾ? ಎರಡು ವಾರದಿಂದ ಯಾವುದರಲ್ಲೂ ಆಸಕ್ತಿ ಇಲ್ಲವಾ? ಹಿಂದೆ ನಿಂತು ಪಿಸುಗುಟ್ಟಿದ ಪದ ಕೇಳಿಸಿತಾ? ಕಿವಿಯ ವಿಷಯ ಸಣ್ಣದಲ್ಲ. ಮರೆವಿನ ಕಾಯಿಲೆಗೆ ಸಂಬಂಧಿಸಿದ, ನಾವು ಕೈಹಾಕಿ ಸರಿಪಡಿಸಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕಿವಿ ಮಂದವಾಗುವುದೂ ಒಂದು.

ಇನ್ನು ಕುರ್ಚಿ ಪರೀಕ್ಷೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಎಲ್ಲೂ ಊರದೆ, 5 ಸಲ ಎದ್ದು ಕೂರಬೇಕು. 14 ಸೆಕೆಂಡಿನೊಳಗೆ. ದೊಡ್ಡಮ್ಮ ಎರಡು ಸಲ ಎದ್ದರು. ಮೂರನೆಯ ಸಲ ಕೈ ತಾನಾಗಿ ಮೇಜಿನ ಅಂಚು ಹಿಡಿಯಿತು. ಆಗ ನನಗೆ ಹೊಳೆಯಿತು. ರೈಲಿನಲ್ಲಿ ಮುಂಬೈಯ ಮಾಟುಂಗದ ಕಡೆಗೆ ಹೋಗುವುದನ್ನು ಅವರು ಬಿಟ್ಟು ಎಂಟು ತಿಂಗಳಾಗಿತ್ತು. ಕೇಳಿದರೆ “ಗಾಡಿಯಲ್ಲಿ ರಶ್ಶು” ಅನ್ನುತ್ತಿದ್ದರು. ರಶ್ಶು ಯಾವತ್ತು ಇರಲಿಲ್ಲ? ಅವರಿಗೆ ಆಗದೇ ಇದ್ದದ್ದು ಸ್ಟೇಷನ್ನಿನ ಸೇತುವೆ ಮೆಟ್ಟಿಲು. ತೊಡೆಯ ಸ್ನಾಯು ಸೊರಗಿತ್ತು.

ಶಿಬಿರದಲ್ಲಿ ಇಲ್ಲದ ಮರೆವನ್ನು ಬರೆದರು, ಇದ್ದ ಕಾಲಿನ ತೊಂದರೆಯನ್ನು ನೋಡಲಿಲ್ಲ. ಇಂಥ ಪರೀಕ್ಷೆ ರೋಗ ಹೇಳುವುದಿಲ್ಲ, ಎಲ್ಲಿ ಇನ್ನಷ್ಟು ನೋಡಬೇಕು ಅಂತಷ್ಟೇ ತೋರಿಸುತ್ತದೆ. ತಪ್ಪು ಕಡೆ ತೋರಿಸಿದರೆ ಸುಮ್ನೆ ಹೆದರಿಕೆ.

ಸರ್ಕಾರದ ಆಶಾ ಕಾರ್ಯಕರ್ತೆಯರ ನಮೂನೆಯಲ್ಲೂ 60 ದಾಟಿದವರಿಗೆ ಪ್ರಶ್ನೆಗಳಿವೆ. ನಿಂತಾಗ, ನಡೆವಾಗ ತೂರಾಡಿದಂತಾಗುತ್ತದಾ? ಹತ್ತಿರದವರ ಹೆಸರು, ಮನೆ ವಿಳಾಸ ಮರೆಯುತ್ತದಾ? ಒಳ್ಳೆಯ ಪ್ರಶ್ನೆಗಳು. ಮುಂಬೈಯಂಥ ಊರಲ್ಲಿ ಅವನ್ನು ಕೇಳುವಾಗ ಪಕ್ಕದಲ್ಲಿ ಮನೆಮಾತು ಬಲ್ಲವರೊಬ್ಬರು ಕೂರಲೇಬೇಕು. ನಮ್ಮ ಕನ್ನಡ ಸಂಘಗಳ ಹುಡುಗ ಹುಡುಗಿಯರು ಈ ಕೆಲಸಕ್ಕೆ ಒಂದು ಭಾನುವಾರ ಕೊಡಬಹುದು.

ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ದೊಡ್ಡಮ್ಮ ಅದೇ ಕುರ್ಚಿಯಲ್ಲಿ ಮಾಡುತ್ತಾರೆ, ಬೆಳಿಗ್ಗೆ ಕುಕ್ಕರ್ ಕೂಗುವವರೆಗೆ. ಹೋದ ತಿಂಗಳು 5 ಸಲ ಎದ್ದರು, 16 ಸೆಕೆಂಡಿನಲ್ಲಿ.